ಎಂಬತ್ತು ಅಕ್ಷರದ ಸಾಲು

ಅವಳಿಗಿನ್ನೂ ಮದುವೆಯಾಗಿರಲಿಲ್ಲ. ಆದರೂ ಹದಿನೈದು ಜನ ಬೆನ್ನ ಹಿಂದೆ ಅವಳನ್ನು ಅತ್ತೆ ಅಂತ ಕರೆಯುತ್ತಿದ್ದರು.

ಆ ಹದಿನೈದು ಜನ ಸೇರಿ, ಬಿಡುವಿದ್ದಾಗ, ಬಿಟ್ಟಿಯಾಗಿ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದರು. ಯಾರಿಗೆ ಯಾವ ಪುಸ್ತಕ ಕೊಟ್ಟಿದ್ದೇವೆ, ಯಾವಾಗ ವಾಪಸ್ ಬರಬೇಕು ಅಂತ ಸಣ್ಣ ಲೈಬ್ರರಿಗಳಿಗೆ ನೆನಪಿಸುವ ಸಾಫ್ಟ್‌ವೇರ್. ಯಾರು ಬೇಕಾದರೂ ಕೋಡ್ ತಿದ್ದಿ, ಆ ತಿದ್ದುಪಡಿಯನ್ನು ಪ್ಯಾಚ್ ಅಂತ ಕಳಿಸಬಹುದು. ಅದನ್ನು ಒಳಗೆ ಬಿಡುವವಳು ಮಾತ್ರ ಅವಳೊಬ್ಬಳೇ. ಹಗಲಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಅಂಗಡಿ ತೆರೆಯುವ ಮುಂಚೆ ಒಂದು ಗಂಟೆ ಈ ಯಜಮಾನಿಕೆ.

ಯಜಮಾನಿಕೆಗೆ ನಿಯಮಗಳಿದ್ದವು. ಒಂದು ಸಾಲಿನಲ್ಲಿ ಎಂಬತ್ತು ಅಕ್ಷರ ಮೀರಬಾರದು. ಒಂದು ಪ್ಯಾಚ್‌ನಲ್ಲಿ ಒಂದೇ ವಿಷಯ ಇರಬೇಕು. ಎಲ್ಲಿ ವಿಚಿತ್ರವಾಗಿ ಏನಾದರೂ ಬರೆದರೂ, ಯಾಕೆ ಹಾಗೆ ಬರೆದೆ ಅಂತ ಪಕ್ಕದಲ್ಲೇ ಟಿಪ್ಪಣಿ ಇರಬೇಕು. ಇದರಲ್ಲಿ ಎಳ್ಳಷ್ಟು ತಪ್ಪಿದರೂ ಪ್ಯಾಚ್ ವಾಪಸ್. ಮೊದಲನೆಯ ಸಲಕ್ಕೇ ಅವಳ ಕೈಯಲ್ಲಿ ಪಾಸಾದವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

ಹೊಸದಾಗಿ ಸೇರಿದವನೊಬ್ಬನ ಪ್ಯಾಚ್ ನಾಲ್ಕು ಸಲ ವಾಪಸ್ ಹೋಯಿತು. ಅವನು ಒಂದು ಲೈಬ್ರರಿಯಲ್ಲಿ ಪುಸ್ತಕ ಕೊಡುವ ಮೇಜಿನ ಹಿಂದೆ ಕೂರುವವನು. ರೇಗಿ, ಸ್ನೇಹಿತನಿಗೆ ಒಂದು ಮೆಸೇಜ್ ಕಳಿಸಿದ: "ಈ ಅತ್ತೆ ಕಾಟ ತಡೆಯೋಕಾಗ್ತಿಲ್ಲ ಕಣೋ. ಮೊಸರಲ್ಲಿ ಕಲ್ಲು ಹುಡುಕ್ತಾಳೆ."

ಅದು ಹೋಗಿದ್ದು ಸ್ನೇಹಿತನಿಗಲ್ಲ, ಗುಂಪಿನ ಎಲ್ಲರೂ ಓದುವ ಮೇಲಿಂಗ್ ಪಟ್ಟಿಗೆ. ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಅವಳ ಉತ್ತರ ಬಂತು.

"ಸೊಸೆಯವರಿಗೆ: ಕಲ್ಲು ಸಿಕ್ಕಿದೆ. ನಲವತ್ತೊಂದನೆಯ ಸಾಲಿನಲ್ಲಿ."

ಅಲ್ಲಿಂದ ಅವನಿಗೆ ಸೊಸೆ ಅನ್ನುವ ಹೆಸರೇ ನಿಂತುಹೋಯಿತು. ಅವನೂ ಬೇಡ ಅನ್ನಲಿಲ್ಲ. "ಅತ್ತೆಯವರೇ, ಮನೆ ಗುಡಿಸಿದ್ದೀನಿ, ಒಂದ್ಸಲ ನೋಡಿ" ಅಂತ ಬರೆದು ಪ್ಯಾಚ್ ಕಳಿಸುವನು. "ಮೂಲೆಯಲ್ಲಿ ಕಸ ಉಳಿದಿದೆ" ಅಂತ ಇವಳು ವಾಪಸ್ ಕಳಿಸುವಳು. ಎಂಟು ತಿಂಗಳು ಹೀಗೇ ನಡೆಯಿತು. ಅಷ್ಟರಲ್ಲಿ ಅವಳಿಗೆ ಬೆಳಗಿನ ಆ ಒಂದು ಗಂಟೆಯ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಬಂದಿತ್ತು. ಅದು ಸಾಫ್ಟ್‌ವೇರ್ ಮೇಲಿನ ಪ್ರೀತಿ ಅಂತ ತನಗೆ ತಾನೇ ಹೇಳಿಕೊಂಡಿದ್ದಳು. ಕೊನೆಗೊಂದು ದಿನ, ಕೇಳದೆಯೇ ಕೋಡನ್ನು ನೇರವಾಗಿ ಒಳಗೆ ಹಾಕುವ ಹಕ್ಕನ್ನು ಅವನಿಗೂ ಕೊಟ್ಟಳು. ಅವಳ ಮಟ್ಟಿಗೆ ಅದು ಮನೆಯ ಬೀಗದ ಕೈ ಕೊಟ್ಟ ಹಾಗೆ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅಂತ ಅವನು ಬರೆದ. ಕೆಳಗೆ ಇನ್ನೊಂದು ಸಾಲು: "ನನಗೂ ಕನ್ನಡಕ ಬೇಕಾಗಿದೆ. ಗುರುವಾರ ನಿಮ್ಮ ಅಂಗಡಿಗೆ ಬರಲಾ?"

ಬಂದ. ಎತ್ತರದ ಆಳು, ಶರ್ಟಿನ ಜೇಬಿನಲ್ಲಿ ಮೂರು ಪೆನ್ನು. ಅವಳು ಅವನನ್ನು ಎದುರು ಕೂರಿಸಿ, ಮೂಗಿನ ಮೇಲೆ ಸಣ್ಣ ಅಳತೆಪಟ್ಟಿ ಹಿಡಿದಳು. ಎರಡು ಕಣ್ಣುಪಾಪೆಗಳ ನಡುವಿನ ದೂರ ಸರಿಯಾಗಿ ತಿಳಿಯದೆ ಲೆನ್ಸ್ ಕೂರಿಸುವ ಹಾಗಿಲ್ಲ.

"ನನ್ನ ಎಡಗಣ್ಣನ್ನೇ ನೋಡಿ."

"ನೋಡ್ತಾ ಇದ್ದೀನಿ."

"ನಗಬೇಡಿ, ಪಟ್ಟಿ ಅಲ್ಲಾಡುತ್ತೆ. ಈಗ ಬಲಗಣ್ಣು."

ಅವನು ಬಲಗಣ್ಣಿಗೆ ದೃಷ್ಟಿ ಸರಿಸಿದ. ಬೇಕಾದ್ದಕ್ಕಿಂತ ಸ್ವಲ್ಪ ನಿಧಾನವಾಗಿಯೇ ಸರಿಸಿದ. ಅವಳು ಪಟ್ಟಿಯ ಮೇಲಿನ ಸಂಖ್ಯೆ ಓದಿದಳು, ಬರೆಯಲು ಚೀಟಿ ತೆಗೆದುಕೊಂಡಳು, ಸಂಖ್ಯೆ ಮರೆತುಹೋಗಿತ್ತು. ಹನ್ನೊಂದು ವರ್ಷದ ಕೆಲಸದಲ್ಲಿ ಒಂದೇ ಮುಖವನ್ನು ಎರಡು ಸಲ ಅಳೆದದ್ದು ಅದೇ ಮೊದಲು.

"ವಾಪಸ್ ಬಂತಾ?" ಅಂದ ಅವನು. "ಇದಕ್ಕೂ ಮೊದಲನೇ ಸಲಕ್ಕೆ ಪಾಸ್ ಇಲ್ವಾ?"

"ಸುಮ್ನೆ ಕೂತ್ಕೊಳ್ಳಿ. ಅರವತ್ತಮೂರು."

ಏಳುವಾಗ ಅವನು ಒಂದು ಮಾತು ಹೇಳಿದ. "ಒಂದು ಸಲಹೆ ಇಡ್ತಾ ಇದ್ದೀನಿ ಕಣ್ರೀ. ಎಂಬತ್ತು ಅಕ್ಷರದ ನಿಯಮ ಹಳೇ ಕಾಲದ್ದು. ಈಗ ಎಲ್ಲರ ಹತ್ರಾನೂ ಅಗಲದ ಸ್ಕ್ರೀನ್ ಇದೆ. ನೂರಿಪ್ಪತ್ತು ಮಾಡೋಣ."

ಅವಳ ಮುಖ ಬಿಗಿಯಾಯಿತು. "ಬೇಡ."

"ಯಾಕೆ?"

"ಬೇಡ ಅಂದ್ರೆ ಬೇಡ."

"ಯಾಕೆ ಅಂತ ಟಿಪ್ಪಣಿ ಇಲ್ದೇ ಇರೋದನ್ನ ನೀವೇ ವಾಪಸ್ ಕಳಿಸ್ತೀರಲ್ಲ" ಅಂದ. ತಮಾಷೆಗೇ ಅಂದದ್ದು. ಅವಳು ಮುಂದಿನ ಗಿರಾಕಿಯನ್ನು ಕರೆದಳು.

ಕಾರಣ ಇಲ್ಲದೆ ಏನಿಲ್ಲ. ಕಾರಣ ಮನೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮುಂದೆ ಕೂತಿತ್ತು. ಅವಳ ಅಕ್ಕ. ಈ ಸಾಫ್ಟ್‌ವೇರ್‌ಗೆ ಮೊದಲ ಸಾಲು ಬರೆದವಳೇ ಅಕ್ಕ. ಆರು ವರ್ಷದಿಂದ ಅಕ್ಕನ ಕಣ್ಣು ಮಂಜಾಗುತ್ತಾ ಬಂದಿತ್ತು. ಹೊರಗಿನ ಕೆಲಸ ಒಂದೊಂದೇ ಬಿಟ್ಟು, ಉಳಿಸಿಕೊಂಡದ್ದು ಇದೊಂದನ್ನು. ದೊಡ್ಡ ಸ್ಕ್ರೀನ್ ತರಿಸಿ, ಉಗುರಿನಷ್ಟು ದಪ್ಪದ ಅಕ್ಷರ ಹಾಕಿಕೊಂಡು ದಿನವೂ ಕೋಡ್ ಓದುತ್ತಿದ್ದಳು. ಆ ದಪ್ಪಕ್ಕೆ ಸ್ಕ್ರೀನಿನಲ್ಲಿ ಸರಿಯಾಗಿ ಎಂಬತ್ತು ಅಕ್ಷರ ಹಿಡಿಯುತ್ತಿತ್ತು, ಎಂಬತ್ತೊಂದು ಹಿಡಿಯುತ್ತಿರಲಿಲ್ಲ.

"ಯಾರಿಗೂ ಹೇಳಬೇಡ ಕಣೇ" ಅಂತ ಅಕ್ಕ ಮಾತು ತೆಗೆದುಕೊಂಡಿದ್ದಳು. "ಅಯ್ಯೋ ಪಾಪ ಅಂತ ಯಾರಾದ್ರೂ ಅಂದ್ರೆ, ಆವತ್ತೇ ಬಿಟ್ಟುಬಿಡ್ತೀನಿ."

ಬಿಟ್ಟರೆ ಅಕ್ಕನ ಹಗಲುಗಳಲ್ಲಿ ಏನು ಉಳಿಯುತ್ತದೆ ಅಂತ ತಂಗಿಗೆ ಗೊತ್ತಿತ್ತು. ಅದಕ್ಕೇ ಅವಳ ಬಾಯಿಗೆ ಬೀಗ.

ಅವನ ಸಲಹೆ ಮೇಲಿಂಗ್ ಪಟ್ಟಿಗೆ ಬಂತು. ಭಾನುವಾರದವರೆಗೆ ವೋಟು. ಶುಕ್ರವಾರಕ್ಕೇ ಹದಿನೈದು ಜನ ಹೌದು ಅಂದಿದ್ದರು, ಅವಳೊಬ್ಬಳು ಅಲ್ಲ ಅಂದಿದ್ದಳು. "ಹಟಕ್ಕೂ ಒಂದು ಮಿತಿ ಇರುತ್ತೆ" ಅಂತ ಒಬ್ಬ ಬರೆದ. "ಅತ್ತೆ ಬುದ್ಧಿ" ಅಂತ ಇನ್ನೊಬ್ಬ. ಸೊಸೆ ಮಾತ್ರ ವೋಟಿನ ಹೊರತು ಏನೂ ಬರೆಯಲಿಲ್ಲ. ಅವನ ಆ ಮೌನವೇ ಅವಳನ್ನು ಹೆಚ್ಚು ಚುಚ್ಚಿತು. ಅಕ್ಕ ಹರಟೆಯ ಪಟ್ಟಿ ಓದುವವಳಲ್ಲ, ಕೋಡ್ ಮಾತ್ರ ಓದುವವಳು. ಹಾಗಾಗಿ ಮನೆಯಲ್ಲಿ ಈ ಸುದ್ದಿ ಇರಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿಯಿಂದ ಬಂದಾಗ ಅಕ್ಕ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆಳಿಗ್ಗೆ ಮುಚ್ಚಿಟ್ಟ ತಟ್ಟೆ ಹಾಗೇ ಇತ್ತು.

"ಬಲಗಡೆ ಹೋಯ್ತು ಕಣೇ" ಅಂದಳು.

"ಏನು ಹೋಯ್ತು?"

"ಕಣ್ಣು. ಮುಂದೆ ಬಲಗಡೆಯಿಂದ ಕತ್ತಲಾಗಬಹುದು ಅಂತ ಡಾಕ್ಟರ್ ಹೇಳಿದ್ರಲ್ಲ. ಬೆಳಿಗ್ಗೆಯಿಂದ ನೋಡ್ತಾ ಇದ್ದೀನಿ, ಸಾಲುಗಳ ಕೊನೆಯೇ ಕಾಣ್ತಿಲ್ಲ."

ತಂಗಿ ಚೀಲ ಅಲ್ಲೇ ಬಿಟ್ಟಳು. ಸ್ಕ್ರೀನಿನ ಹತ್ತಿರ ಹೋಗಿ ಬಗ್ಗಿ ನೋಡಿದಳು. ಸಾಲುಗಳ ಕೊನೆ ಅವಳಿಗೂ ಕಾಣಲಿಲ್ಲ. ಎಲ್ಲಾ ಸಾಲುಗಳೂ ಸ್ಕ್ರೀನ್ ದಾಟಿ ಹೊರಗೆ ಹೋಗಿದ್ದವು. ಬೆಳಿಗ್ಗೆ ಅವಳು ಅಂಗಡಿಗೆ ಹೊರಟ ಮೇಲೆ ಯಾರೋ ಇಡೀ ಕೋಡನ್ನು ಒಟ್ಟಿಗೆ ನೂರಿಪ್ಪತ್ತು ಅಕ್ಷರಕ್ಕೆ ಹಿಗ್ಗಿಸಿದ್ದರು. ಯಾರು ಅಂತ ಪಕ್ಕದಲ್ಲೇ ಬರೆದಿತ್ತು.

"ಅಕ್ಕಾ, ಕಣ್ಣಲ್ಲ! ಸಾಲು! ಸಾಲೇ ಉದ್ದ ಆಗಿದೆ!"

ಅಕ್ಕ ಅವಳ ಕೈ ಹಿಡಿದು, ಸ್ವಲ್ಪ ಹೊತ್ತು ಅತ್ತು, ಆಮೇಲೆ ನಕ್ಕಳು. ಹೋದ ಜೀವ ಬಂದ ಹಾಗಾಗಿತ್ತು. ತಂಗಿ ನಗಲಿಲ್ಲ, ಫೋನ್ ತೆಗೆದುಕೊಂಡಳು.

"ವೋಟು ಮುಗಿಯೋ ಮುಂಚೆ ನಿಮಗೆ ಯಾರು ಹೇಳಿದ್ರು ಮುಟ್ಟೋಕೆ? ನಂಬಿ ಹಕ್ಕು ಕೊಟ್ಟಿದ್ದು ತಪ್ಪಾಯ್ತು ನನ್ನದು."

ಆ ಕಡೆ ಕೀಬೋರ್ಡ್ ಸದ್ದು ಕೇಳಿಸಿತು. "ಅಯ್ಯೋ ದೇವರೇ. ಹೇಗೆ ಕಾಣುತ್ತೆ ಅಂತ ತೋರಿಸೋಕೆ ಬೇರೆ ಪ್ರತಿ ಮಾಡಿದ್ದೆ. ಅದು ಅಸಲಿ ಕೋಡಿಗೇ ಬಿದ್ದಿದೆ. ಈಗಲೇ ತೆಗೆದೆ, ತೆಗೆದೆ. ಏನಾದ್ರೂ ಕೆಟ್ಟು ಹೋಯ್ತಾ?"

ಅವಳು ಅಕ್ಕನ ಕಡೆ ನೋಡಿದಳು.

"ಯಾರದು, ಸೊಸೆನಾ?" ಅಂದಳು ಅಕ್ಕ. "ಸೊಸೆ ಸೊಸೆ ಅಂತ ದಿನಾ ಬೆಳಿಗ್ಗೆ ನೀನು ಒಬ್ಬಳೇ ನಗ್ತೀಯಲ್ಲ, ಅವನೇ ತಾನೇ? ಬರೋಕೆ ಹೇಳು."

ನಾಲ್ಕು ಗಂಟೆಗೆ ಬಂದ. ಮುಖ ಸಣ್ಣದಾಗಿತ್ತು. ಅಕ್ಕ ಅವನನ್ನು ತನ್ನ ಕುರ್ಚಿಯಲ್ಲೇ ಕೂರಿಸಿದಳು.

"ನಿನ್ನ ನೂರಿಪ್ಪತ್ತರ ಪ್ರತಿ ತೆಗಿಯಪ್ಪ ಇಲ್ಲಿ."

ತೆಗೆದ. ಉಗುರಿನಷ್ಟು ದಪ್ಪದ ಅಕ್ಷರಗಳು. ಸಾಲು ನಡುವಲ್ಲೇ ಕತ್ತರಿಸಿದ ಹಾಗೆ ನಿಂತಿತ್ತು. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಎಣಿಸಿದ. ಎಂಬತ್ತು. ಇನ್ನೊಂದು ಸಾಲು ಎಣಿಸಿದ. ಅದೂ ಎಂಬತ್ತು. ಎಣಿಸಿದ ಬೆರಳನ್ನು ಅಲ್ಲೇ ಬಿಟ್ಟು ಅಕ್ಕನ ಕಡೆ ನೋಡಿದ, ಆಮೇಲೆ ತಂಗಿಯ ಕಡೆ.

"ನೀವು ಒಂದು ಮಾತು ಹೇಳಬಹುದಿತ್ತಲ್ಲ."

"ಬೇಡ ಅಂದಿದ್ದು ನಾನು" ಅಂದಳು ಅಕ್ಕ. "ಪಾಪ ಅನ್ನಿಸ್ಕೊಳ್ಳೋದು ನನಗೆ ಆಗಲ್ಲ."

"ಪಾಪದ ಮಾತಲ್ಲ ಅಕ್ಕ. ನಿಯಮಕ್ಕೆ ಕಾರಣ ಬರೆದಿಲ್ಲ. ನಾನು ಹಾಗೆ ಬರೆದಾಗಲೆಲ್ಲ ಇವರು ವಾಪಸ್ ಕಳಿಸಿದ್ದಾರೆ."

ಅಂದವನು ನಿಯಮಗಳ ಪುಟ ತೆಗೆದು, ಎಂಬತ್ತು ಅಕ್ಷರದ ಸಾಲಿನ ಕೆಳಗೆ 'ಯಾಕೆಂದರೆ' ಅಂತ ಬರೆದು, ಕುರ್ಚಿ ಬಿಟ್ಟು ಎದ್ದ. ಅಕ್ಕ ಸ್ಕ್ರೀನಿಗೆ ಮುಖ ಹತ್ತಿರ ತಂದು ಆ ಒಂದು ಪದ ಓದಿದಳು. ಕೊನೆಗೆ ಅಕ್ಕ ಕೂತು, ತಾನೇ ಟೈಪ್ ಮಾಡಿದಳು: 'ಇದನ್ನು ಶುರುಮಾಡಿದವಳಿಗೆ ಒಂದು ಸಲಕ್ಕೆ ಅಷ್ಟೇ ಕಾಣುತ್ತದೆ. ಅವಳಿನ್ನೂ ಓದುತ್ತಿದ್ದಾಳೆ.'

ಭಾನುವಾರ ಸಂಜೆಯ ಹೊತ್ತಿಗೆ ಹದಿನೈದೂ ವೋಟು ತಿರುಗಿತ್ತು. ಯಾರೂ ಅಯ್ಯೋ ಪಾಪ ಅನ್ನಲಿಲ್ಲ. ಹಟ ಅಂದಿದ್ದವನು ತನ್ನ ಹಳೆಯ ಕೋಡಿನಲ್ಲಿ ಉದ್ದವಾಗಿದ್ದ ಮೂರು ಸಾಲು ಮುರಿದು ಕಳಿಸಿದ, ಅಷ್ಟೇ.

ಆ ಶನಿವಾರ ಅವರ ಮನೆಯ ಮೆಟ್ಟಿಲಿಳಿಯುವಾಗ ಅವನು ತಿರುಗಿ, "ಇನ್ನೊಂದು ವಿಷಯ ಇತ್ತು" ಅಂದಿದ್ದ.

"ಒಂದು ಸಲಕ್ಕೆ ಒಂದೇ ವಿಷಯ. ನಿಯಮ" ಅಂದಿದ್ದಳು ಇವಳು. ಕೋಪ ಇಳಿದಿತ್ತು. ಅದನ್ನು ಒಪ್ಪಿಕೊಳ್ಳುವ ಮನಸ್ಸು ಮಾತ್ರ ಇನ್ನೂ ಬಂದಿರಲಿಲ್ಲ.

ಬುಧವಾರ ಕನ್ನಡಕ ತಯಾರಾಯಿತು. ಅವನು ಬಂದು ಅದೇ ಕುರ್ಚಿಯಲ್ಲಿ ಕೂತ. ಅವಳು ಕನ್ನಡಕ ಹಾಕಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿದಳು. ಬೆರಳು ತಣ್ಣಗಿತ್ತು. ಅವನು ಅಲ್ಲಾಡದೆ ಕೂತಿದ್ದ.

"ಆ ಇನ್ನೊಂದು ವಿಷಯ ಹೇಳಿ ಈಗ" ಅಂದಳು.

"ನಿಮ್ಮನ್ನ ಮದುವೆ ಆಗಬೇಕು ಅಂತ ಇದೆ."

ಅಂಗಡಿಯಲ್ಲಿ ಲೆನ್ಸ್ ಉಜ್ಜುವ ಯಂತ್ರ ಒಂದೇ ಸಮ ಗುಂಯ್‌ಗುಡುತ್ತಿತ್ತು. ಅವಳ ಕೈ ಅವನ ಕಿವಿಯ ಹತ್ತಿರವೇ ನಿಂತಿತು. ಆದರೆ ಅಭ್ಯಾಸ ಎಲ್ಲಿ ಬಿಡುತ್ತದೆ?

"ಯಾಕೆ ಅಂತ ಹೇಳಲಿಲ್ಲ."

ಅವನು ಅವಳ ಎಡಗಣ್ಣು ನೋಡಿದ, ಆಮೇಲೆ ಬಲಗಣ್ಣು. ಈ ಸಲ ಯಾರೂ ಹೇಳಿರಲಿಲ್ಲ.

"ಹದಿನೈದು ಜನರ ಹತ್ರ ಬೈಸ್ಕೊಂಡ್ರಿ. ಒಂದೇ ಒಂದು ಮಾತು ಹೇಳಿದ್ರೆ ಎಲ್ಲರ ಬಾಯಿ ಮುಚ್ಚುತ್ತಿತ್ತು, ಹೇಳಲಿಲ್ಲ. ನನಗೂ ಹೇಳಲಿಲ್ಲ. ಇವರು ಯಾರನ್ನಾದ್ರೂ ತಮ್ಮೋರು ಅಂದ್ಕೊಂಡ್ರೆ ಹೀಗೆ ಕಾಯ್ತಾರೆ ಅಂತ ಆವತ್ತು ಗೊತ್ತಾಯ್ತು. ಆ ನಿಮ್ಮೋರ ಪಟ್ಟಿಯಲ್ಲಿ ನಾನೂ ಇರಬೇಕು."

ಅವಳು ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಡ್ರಾಯರ್‌ನೊಳಗೆ ಇಟ್ಟಳು. ಕಣ್ಣು ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ.

"ತಿದ್ದೋದು ಏನೂ ಇಲ್ಲ" ಅಂದಳು.

ಅವನಿಗೆ ನಂಬಿಕೆ ಬರಲಿಲ್ಲ. "ಏನೂ ಇಲ್ವಾ? ಮೊದಲನೇ ಸಲಕ್ಕೇನಾ?"

"ಮೊದಲನೇ ಸಲಕ್ಕೇ" ಅಂದು, ಅವನ ಮುಖಕ್ಕೆ ಕೈ ಚಾಚಿದಳು. "ಕನ್ನಡಕ ಮಾತ್ರ ಒಂಚೂರು ವಾಲಿದೆ. ಕೊಡಿ ಇಲ್ಲಿ."