ಹೆಗಲು ಕೇಳಿದವನು

“ಎಲ್ಲಾದ್ರೂ ಕೂತ್ಕೋ ಅಳಿಯಾ, ಆ ಕಲ್ಲುಗುಪ್ಪೆ ಮೇಲೆ ಮಾತ್ರ ಬೇಡ. ಒಂದು ಕಲ್ಲು ಹಾಕು, ನಡಿ.”

ಮುದುಕ ಒನೋಫ್ರೆ ತಾನೊಂದು ಕಲ್ಲನ್ನು ಗುಪ್ಪೆಗೆ ಸೇರಿಸಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಮುಂದೆ ಸರಿದ. ಡೆಲ್ಫೀನೊ ನಕ್ಕ. ಹಿಂದಿನ ದಿನವೆಲ್ಲ ಲಾರಿ ಓಡಿಸಿದ ದಣಿವು ಇನ್ನೂ ಮೂಳೆಗಳಲ್ಲಿತ್ತು. ಅದರ ಮೇಲೆ ಬೆಳಿಗ್ಗೆಯೇ ಮಾವನನ್ನು ಹಳೆಯ ಪಿಕಪ್ಪಿನಲ್ಲಿ ಕೂರಿಸಿಕೊಂಡು ಮೇಸಾ ಎಂಬ ಚಪ್ಪಟೆ ಗುಡ್ಡದ ತಿರುವುಗಳನ್ನೇರಿದ್ದ. ಹಿಮ ಅಡ್ಡವಾದಲ್ಲಿ ಗಾಡಿ ನಿಲ್ಲಿಸಿ, ಮೇಲಿನ ಹುಲ್ಲುಗಾವಲಿನ ಬೇಲಿಬಾಗಿಲು ತೆರೆದು, ಈಗ ಇಬ್ಬರೂ ಮರಳುತ್ತಿದ್ದರು. ವಸಂತದ ಕೆಸರು ಬೂಟುಗಳನ್ನು ಹಿಡಿದೆಳೆಯುತ್ತಿತ್ತು. ಹೊರಡುವಾಗ ಹೆಂಡತಿ ಒರ್ಸೀನಿಯಾ ಕಾಫಿಯ ಫ್ಲಾಸ್ಕು ಕೊಡುತ್ತ, “ಅಪ್ಪನ ಎದೆ ಒಂದು ಬಕೆಟ್ ನೀರು ಎತ್ತೋದನ್ನೂ ತಡಿಯಲ್ಲ. ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ಕರ್ಕೊಂಡು ಬನ್ನಿ,” ಎಂದಿದ್ದಳು.

“ಯಾರದು ಮಾವ, ಈ ಸಿಂಹಾಸನ?”

“ಕ್ರೆಸೆನ್ಸಿಯಾಳದ್ದು. ಮಾಟಗಾತಿ. ಅವಳ ಹೆಣದ ಪೆಟ್ಟಿಗೇನ ಊರಿಗೆ ಒಯ್ಯೋವಾಗ, ಹೆಗಲು ಬದಲಾಯಿಸೋಕೆ ಅಂತ ಇಲ್ಲಿ ಇಳಿಸಿದ್ರು. ದಣಿದವರು ಹೆಗಲು ಕೇಳಿದ್ರು, ಉಳಿದವರು ಒಲ್ಲೆ ಅಂದ್ರು. ಬಿಟ್ಟು ಓಡಿದ್ರು. ಸಾಯೋ ಮುಂಚೆ ತಾನೇ ನೂತ ಕರಿ ಉಣ್ಣೆ ದಾರಕ್ಕೆ ಗಂಟು ಹಾಕಿ, ದಾರೀಲಿ ಬಿಟ್ರೆ ಬಿಡಲ್ಲ ಅಂತ ಮಂತ್ರ ಊದಿದ್ಲಂತೆ. ಇಲ್ಲಿ ಕೂತವನು ಅವಳನ್ನ ಸ್ಮಶಾನಕ್ಕೆ ಮುಟ್ಟಿಸ್ಬೇಕು.”

“ನಾನು ಲಾರಿಗಟ್ಟಲೆ ಕಬ್ಬಿಣ ಹೇರೋನು ಮಾವ. ಒಬ್ಬ ಮುದುಕಿ ಯಾವ ಲೆಕ್ಕ?” ಎನ್ನುತ್ತ ಡೆಲ್ಫೀನೊ ಕೂತೇಬಿಟ್ಟ.

ಪೊದೆಯಲ್ಲಿ ಹಾಡುತ್ತಿದ್ದ ಹಕ್ಕಿ ನಡುವೆಯೇ ನಿಂತಿತು. ಸೇಜ್ ಗಿಡಗಳ ಕಟುಗಂಧವನ್ನು ಹಿಂದಿಕ್ಕಿ, ಒದ್ದೆ ಉಣ್ಣೆ ಸುಟ್ಟ ನಾತ ಅವನ ಕತ್ತಿನ ಹಿಂದೆಯೇ ಹುಟ್ಟಿತು. ಮೋಡವೊಂದು ಮೇಸಾದ ಚಪ್ಪಟೆ ನೆತ್ತಿಯನ್ನು ಅಂಚಿನಿಂದ ಅಂಚಿಗೆ ಕಪ್ಪಾಗಿಸಿತು. ಅವನು ಏಳಲು ಹೋದ. ಬಲ ಹೆಗಲಿನ ಮೇಲೆ ಹಲಗೆಯ ಅಂಚೊಂದು ಊರಿತ್ತು. ಮುಟ್ಟಿ ನೋಡಿದ. ಏನೂ ಇರಲಿಲ್ಲ.

ಒನೋಫ್ರೆ ತಿರುಗಿ ನೋಡಿದ.

“ಕೂತ್ಯಾ? ಅಯ್ಯೋ ಪಾಪಿ! ನಡಿ, ಗಾಡಿ ತನಕ ನಡಿ. ಬಾಯ್ಬಿಟ್ಟು ಹೆಗಲು ಮಾತ್ರ ಕೇಳ್ಬೇಡ. ಅವತ್ತಿಂದ ನಮ್ಮೂರಲ್ಲಿ ಕೇಳಿದೋರಿಗೆ ಯಾರೂ ಒಲ್ಲೆ ಅಂದಿಲ್ಲ. ನಾನೂ ಅನ್ನಲ್ಲ.”

ಡೆಲ್ಫೀನೊ ನಡೆದ. ಕೆಸರು ಮೀನಖಂಡ ಮುಟ್ಟಿತು. ಬೆನ್ನ ಹಿಂದೆ ಮರದ ಪೆಟ್ಟಿಗೆ ಕಿರುಗುಟ್ಟುವ ಸದ್ದು. ಒಳಗೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಪಿಕಪ್ಪು ಆಸ್ಪೆನ್ ಮರಗಳ ಆಚೆ ಕಾಣುತ್ತಿತ್ತು. ಎಷ್ಟು ನಡೆದರೂ ಹತ್ತಿರವಾಗುತ್ತಿರಲಿಲ್ಲ. ಮಂಡಿ ಕುಸಿಯಿತು. ಎದ್ದ. ಮತ್ತೆ ಕುಸಿಯಿತು. ಉಸಿರಿಲ್ಲ. ಕಣ್ಣು ಕತ್ತಲಾಯಿತು. ಹೆಂಡತಿಯ ಮಾತು ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು.

“ಮಾವ... ಹೆಗಲು ಕೊಡಿ.”

ಮುದುಕ ಒಂದು ಗಳಿಗೆ ಅಳಿಯನನ್ನು ನೋಡಿದ. ಬೈಯಲಿಲ್ಲ. ಟೋಪಿ ತೆಗೆದು ಪಕ್ಕದ ಬಂಡೆಯ ಮೇಲಿಟ್ಟು, ಬಾಗಿ, ಶೂನ್ಯದಡಿಗೆ ತನ್ನ ಸಣಕಲು ಹೆಗಲನ್ನು ತಂದ.

ಡೆಲ್ಫೀನೊಗೆ ಉಸಿರು ಬಂತು. ಎದೆ ತುಂಬ ಬಂತು. ಒನೋಫ್ರೆ ನಾಲ್ಕಾರು ಹೆಜ್ಜೆ ಹಾಕಿದ. “ಎಷ್ಟು ತಣ್ಣಗಿದಾಳೋ,” ಎಂದ. ಅಷ್ಟೇ. ಮುಖ ಅಡಿಯಾಗಿ ಬಿದ್ದ.

ಅಳಿಯ ಅವನನ್ನು ಮಗುಚಿದ, ಅಲುಗಾಡಿಸಿದ, ಕೂಗಿದ. ಕೊನೆಗೆ ಹೆಣವನ್ನೆತ್ತಿ ಹೆಗಲಿಗೇರಿಸಿದಾಗ ಅದರೊಂದಿಗೆ ಆ ಹಲಗೆಯ ಅಂಚೂ ಹಿಂದಿನ ಜಾಗಕ್ಕೇ ಬಂದು ಕೂತಿತು. ಈ ಸಲ ಅವನು ಬೀಳಲಿಲ್ಲ. ಗಾಡಿಯ ಸ್ಪ್ರಿಂಗುಗಳು ದಾರಿಯುದ್ದಕ್ಕೂ ನರಳಿದವು.

ಸಂಜೆ ಇಳಿಬಿಸಿಲಲ್ಲಿ ಅವನು ಮಾವನನ್ನು ಹೊತ್ತು ಅಂಗಳಕ್ಕಿಳಿದ. ಒರ್ಸೀನಿಯಾ ಓಡಿ ಬಂದಳು. “ಅಪ್ಪಾ!” ಎಂದು ಚೀರಿದಳು. ಗಂಡನ ಕಾಲು ನಡುಗುತ್ತಿದ್ದುದನ್ನು ಕಂಡು, ಕಣ್ಣೊರೆಸಿಕೊಳ್ಳದೆ ಹತ್ತಿರ ಬಂದಳು.

“ಸುಸ್ತಾಗಿದೀರಿ. ಒಂದು ಕಡೆ ನಾನು ಹಿಡೀಲಾ? ಹೂಂ ಅನ್ನಿ.”

ಅವನ ಹಲ್ಲುಗಳ ನಡುವೆ ರಕ್ತದ ರುಚಿಯಿತ್ತು. ಉಸಿರಿದ್ದುದು ಒಂದೇ ಮಾತಿಗೆ.

“ಬೇಡ. ಹಗುರವಾಗಿದಾರೆ,” ಎಂದು ಹೇಳಿ, ಅವಳನ್ನು ದಾಟಿ, ಸ್ಮಶಾನದ ಏರುದಾರಿಗೆ ಒಬ್ಬನೇ ತಿರುಗಿದ.