ಎಂಟನೆಯ ತೋಟಾ

ಭಾನುವಾರ ಬೆಳಿಗ್ಗೆ ಎಂಟೂವರೆಗೆ ಉಮಾಶಂಕರ್ ಬೆಲ್ ಒತ್ತಿದಾಗ ನಾನು ಚಾಮುಂಡೇಶ್ವರಿ ಅಕ್ಕನ ಮನೆಯಲ್ಲಿ ಮೂರನೆಯ ದೋಸೆ ತಿನ್ನುತ್ತಿದ್ದೆ. ಆ ದೋಸೆ ಪೂರ್ತಿಯಾಗಲಿಲ್ಲ ಎಂಬ ಸಿಟ್ಟು ನನಗೆ ಇವತ್ತಿಗೂ ಇದೆ.

ಅಕ್ಕ ಮೈಸೂರಿನವರು. ಇಲ್ಲಿ ಜಪಾನಿನಲ್ಲಿ, ಎಡೋಗಾವಾದ ಆರನೇ ಮಹಡಿಯ ಫ್ಲಾಟಿನಲ್ಲಿ ಹದಿನೆಂಟು ವರ್ಷಗಳಿಂದ ನಮ್ಮವರ ರವಿಕೆ ಹೊಲಿಯುತ್ತಾರೆ. ಹೊಲಿಗೆ ಬಿಚ್ಚಿದರೆ ಬರುವವರು ಎಷ್ಟು ಜನವೋ, ಗಂಟು ಬಿಡಿಸಿಕೊಳ್ಳಲು ಬರುವವರೂ ಅಷ್ಟೇ ಜನ. ಕಳೆದ ವರ್ಷ ಗೌರಿ ಹಬ್ಬದ ದಿನ ಮಾಯವಾದ ಮಾಂಗಲ್ಯದ ಸರವನ್ನು ಹತ್ತು ನಿಮಿಷದಲ್ಲಿ ಇಡ್ಲಿ ಪಾತ್ರೆಯಿಂದ ತೆಗೆದುಕೊಟ್ಟವರು ಅವರೇ. ನಾನು ಶ್ರೀಹರಿ, ಐದನೇ ಮಹಡಿಯವನು. ವಾರವೆಲ್ಲ ಕೋಟೋದ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ, ವಾರಾಂತ್ಯದಲ್ಲಿ ಅಕ್ಕನ ಚೀಲ ಹೊರುತ್ತೇನೆ.

ಉಮಾಶಂಕರ್ ವಾಕೋದ ಸಂಶೋಧನಾ ಕೇಂದ್ರದಲ್ಲಿ ಗಿಡಗಳ ಬೇರಿನ ಮೇಲೆ ಕೆಲಸ ಮಾಡುವ ಸಾಧು ಮನುಷ್ಯ. ಅಂಥವನು ಪರೀಕ್ಷೆ ಪಾಸು ಮಾಡಿ, ಪೊಲೀಸರ ನೂರು ಪ್ರಶ್ನೆಗೆ ಉತ್ತರ ಕೊಟ್ಟು, ಕೋವಿಯ ಲೈಸೆನ್ಸ್ ಪಡೆದಿದ್ದು ನಮಗೆಲ್ಲ ದೊಡ್ಡ ಸೋಜಿಗ. ಚಿಚಿಬು ಬೆಟ್ಟದ ಹಳ್ಳಿಯಲ್ಲಿ ಅವನು ಪ್ರಯೋಗಕ್ಕೆ ಗೆಣಸು ಬೆಳೆಯುವ ಹೊಲವಿದೆ. ಅದನ್ನೂ ಊರಿನ ಹೊಲಗಳನ್ನೂ ಜಿಂಕೆ ಹಿಂಡು ತಿಂದು ಹಾಕಿದಾಗ, ಊರಿನ ಬೇಟೆ ತಂಡದ ಹಿರಿಯ ಅರಾಫುನೆ-ಸಾನ್ ಅವನನ್ನು ಶಿಷ್ಯನನ್ನಾಗಿ ಸೇರಿಸಿಕೊಂಡಿದ್ದರು.

"ಅಕ್ಕ, ನಿನ್ನೆ ಬೇಟೆಯಲ್ಲಿ ಒಂದು ತೋಟಾ ಮಿಸ್ ಆಗಿದೆ," ಎಂದ ಅವನು. ಕಣ್ಣು ಕೆಂಪಗಾಗಿತ್ತು.

"ಒಂದು ತಾನೇ? ಇನ್ನೊಂದು ತಗೊಂಡ್ರಾಯ್ತು," ಎಂದೆ ನಾನು. ದೋಸೆ ತಣ್ಣಗಾಗುತ್ತಿತ್ತು.

"ಇಲ್ಲಿ ಹಾಗೆಲ್ಲ ನಡೆಯಲ್ಲ ಕಣೋ. ಒಂದೊಂದಕ್ಕೂ ಲೆಕ್ಕ ಕೊಡ್ಬೇಕು. ನಿನ್ನೇನೇ ಪೊಲೀಸ್‌ಗೆ ತಿಳಿಸಿದ್ದೀನಿ. ನಾಳೆ ಕೋವಿ ತಗೊಂಡು ಬನ್ನಿ ಅಂದಿದ್ದಾರೆ. ನನ್ನ ಲೈಸೆನ್ಸ್ ಹೋದ್ರೆ ಹೋಗ್ಲಿ ಅಕ್ಕ. ಆದ್ರೆ ಅರಾಫುನೆ-ಸಾನ್ ತಾವೂ ಕೋವಿ ವಾಪಸ್ ಕೊಟ್ಬಿಡ್ತಾರಂತೆ. 'ಬೆಲ್ಟ್ ನನ್ನದು, ಕಲಿಸಿದವನೂ ನಾನೇ, ತಪ್ಪೂ ನನ್ನದೇ' ಅಂತಾರೆ. ಐವತ್ತೆರಡು ವರ್ಷ ಒಂದೂ ಕಳೆದಿಲ್ಲ ಅವರು. ನನ್ನಿಂದ ಹೀಗಾಯ್ತಲ್ಲ..."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ನನ್ನ ಹಸಿವು ಅಲ್ಲಿಗೇ ನಿಂತಿತು.

ಅಕ್ಕ ಕಾಫಿ ಲೋಟವನ್ನು ಅವನ ಮುಂದಿಟ್ಟರು. "ಮೊದ್ಲಿಂದ ಹೇಳಿ. ತೋಟಾನ ಯಾವುದರಲ್ಲಿ ಇಟ್ಕೊಂಡಿದ್ರಿ?"

"ಅಲ್ಲೇ ಜಗಳ ಶುರು ಆಗಿದ್ದು ಅಕ್ಕ," ಎಂದ ಉಮಾಶಂಕರ್. ತಂಡದಲ್ಲಿ ಇದ್ದವರು ಮೂವರೇ. ಅರಾಫುನೆ-ಸಾನ್ ಪ್ರಕಾರ ತೋಟಾ ಇರಬೇಕಾದ ಜಾಗ ಸೊಂಟದ ಚರ್ಮದ ಬೆಲ್ಟು. ಸಾಲಾಗಿ ಎದುರಿಗೇ ಕಾಣುತ್ತವೆ, ಕೈಗೆ ಬೇಗ ಸಿಗುತ್ತವೆ. ತಂಡದ ಇನ್ನೊಬ್ಬ ಹಿರಿಯ ಮೊಗಿ-ಸಾನ್ ಪ್ರಕಾರ ಎದೆಯ ಮೇಲಿನ ಮುಚ್ಚಳದ ಚೀಲ. ಬಗ್ಗಿದರೂ ಬಿದ್ದರೂ ಒಂದೂ ಜಾರುವುದಿಲ್ಲ. ಇಬ್ಬರೂ ನಲವತ್ತು ವರ್ಷಗಳಿಂದ ಇದೇ ವಾದ ಮಾಡುತ್ತಿದ್ದಾರಂತೆ. ಉಮಾಶಂಕರನ ಹೆಂಡತಿ ಪ್ರಣತಿ ಜಿಪ್ ಇರುವ ಜೇಬಿನ ಪರ. ಕೊನೆಗೆ ಅರಾಫುನೆ-ಸಾನ್ ತಮ್ಮ ತಂದೆಯ ಕಾಲದ ಬೆಲ್ಟನ್ನೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟಾಗ ಬೇಡವೆನ್ನಲು ಅವನಿಗೆ ಬಾಯಿ ಬರಲಿಲ್ಲ.

"ಮೊಗಿ-ಸಾನ್ ಬೆಳಿಗ್ಗೆನೇ ಹೇಳಿದ್ರು, 'ನೋಡ್ತಿರು, ಒಂದು ದಿನ ಕಳ್ಕೋತೀಯ' ಅಂತ. ಅದೇ ದಿನ ಕಳೀತು! ಅಕ್ಕ, ನಂಗೆ ಅವರ ಮೇಲೇ ಡೌಟು."

"ಡೌಟು ಆಮೇಲೆ. ಎಷ್ಟಿತ್ತು, ಎಲ್ಲೆಲ್ಲಿ ನೋಡಿದ್ರಿ?"

ಬೆಳಿಗ್ಗೆ ಕಾರಿನ ಹತ್ತಿರ ಹತ್ತು. ಎರಡು ಹಾರಿಸಿದ, ಒಂದು ಜಿಂಕೆ ಬಿತ್ತು. ಅಲ್ಲೇ ನೋಡಿದಾಗ ಬೆಲ್ಟಿನಲ್ಲಿ ಎಂಟು, ಜೇಬಿನಲ್ಲಿ ಎರಡು ಖಾಲಿ. ಇಳಿಯುವ ದಾರಿಯಲ್ಲಿ ಬೆಟ್ಟದ ದೇವರ ಪುಟ್ಟ ಗುಡಿಯಲ್ಲಿ ಕೈಮುಗಿದರು. ಕಾರಿನ ಹತ್ತಿರ ಬಂದು ನೋಡಿದರೆ ಏಳು. ಮೂರು ಗಂಟೆ ದಾರಿಯುದ್ದಕ್ಕೂ ಎಲೆ ಎಲೆ ಸರಿಸಿ ಹುಡುಕಿದರು, ಒಬ್ಬರ ಚೀಲ ಇನ್ನೊಬ್ಬರು ನೋಡಿದರು. ಎಂಟನೆಯದು ಸಿಗಲಿಲ್ಲ.

"ಗುಡೀಲಿ ಏನ್ಮಾಡಿದ್ರಿ?"

"ನಮಸ್ಕಾರ ಮಾಡ್ದೆ ಅಕ್ಕ. ಬೂಟು, ಬೆಲ್ಟು ಬಿಚ್ಚಿದ್ದೆ. ಚರ್ಮ ಅಲ್ವಾ, ಮೈಮೇಲೆ ಇಟ್ಕೊಂಡು ದೇವರ ಹತ್ರ ಹೇಗೆ ಹೋಗೋದು? ಬೆಲ್ಟನ್ನ ಪಕ್ಕದ ಮರದ ಕೊಂಬೆಗೆ ಬಕಲ್‌ನಿಂದ ನೇತುಹಾಕಿದ್ದೆ. ಕೋವಿ ಹೆಗಲಲ್ಲೇ ಇತ್ತು, ಅದರ ಚೀಲ ನೈಲಾನ್‌ದು. ಮೂರು ಪ್ರದಕ್ಷಿಣೆ ಹಾಕ್ದೆ. ವಾಪಸ್ ಬಂದ್ರೆ ಬೆಲ್ಟು ಎರಡು ಮಡಿಕೆ ಆಗಿ ಕೊಂಬೆ ಮೇಲೆ ಕೂತಿತ್ತು. ಅದಕ್ಕೇ ಹೇಳಿದ್ದು, ಯಾರೋ ಮುಟ್ಟಿದ್ದಾರೆ. ಆ ಮರದ ಕೆಳಗೆ ಮಣ್ಣನ್ನೂ ಕೆದಕಿದ್ವಿ."

"ಯಾರು ಮುಟ್ಟಿದ್ದು ಅಂತ ಕೇಳಿದ್ರಾ?"

"ಹಿರಿಯರನ್ನ ಹೇಗೆ ಅಕ್ಕ ಕೇಳೋದು?"

ಅಕ್ಕ ನಿಟ್ಟುಸಿರು ಬಿಟ್ಟು ಕೈಚಾಚಿದರು. ಅವನು ಚೀಲದಿಂದ ಖಾಲಿ ಬೆಲ್ಟು ತೆಗೆದುಕೊಟ್ಟ. ಅವರು ಹೊಲಿಗೆ ಮೆಷಿನ್ನಿನ ದೀಪ ಹಾಕಿ, ಕನ್ನಡಕ ಏರಿಸಿ, ತೋಟಾ ಸಿಕ್ಕಿಸುವ ಒಂದೊಂದೇ ಲೂಪನ್ನು ಬೆರಳಿನಿಂದ ಹಿಗ್ಗಿಸಿ ನೋಡತೊಡಗಿದರು. ಏಳನೆಯ ಲೂಪಿನ ದಾರ ಅರ್ಧ ಸವೆದು ಬಾಯಿ ಸಡಿಲವಾಗಿತ್ತು. ನಂತರ ಸೂಜಿಯ ಮೊನೆಯಿಂದ ಚರ್ಮದ ಮಡಿಕೆಯೊಳಗಿಂದ ಏನೋ ಎತ್ತಿ ನನ್ನ ಅಂಗೈ ಮೇಲಿಟ್ಟರು. ಒಂದು ಅಕ್ಕಿ ಕಾಳು. ಅದರ ಜೊತೆ ಬಿಳಿ ಪುಡಿ.

"ನೆಕ್ಕಿ ನೋಡು ಶ್ರೀಹರಿ."

ಇಂಥ ಕೆಲಸಕ್ಕೆ ನಾನೇ ಬೇಕು. ನೆಕ್ಕಿದೆ. "ಉಪ್ಪು!"

"ನನ್ನ ಒನಿಗಿರಿದು ಇರ್ಬೇಕು ಅಕ್ಕ," ಎಂದ ಉಮಾಶಂಕರ್.

"ಬೆಂದ ಅನ್ನದ ಉಂಡೆಯಿಂದ ಹಸಿ ಅಕ್ಕಿ ಹೇಗ್ರೀ ಉದುರುತ್ತೆ? ನೀವೇನಾದ್ರೂ ಅಕ್ಷತೆ ಹಾಕಿದ್ರಾ?"

"ಇಲ್ಲಪ್ಪ. ಅರಾಫುನೆ-ಸಾನ್ ಮಾತ್ರ ಹುಂಡಿ ಮೇಲೆ ಚೂರು ಅಕ್ಕಿ, ಉಪ್ಪು ಇಟ್ಟು ಸಾಕೆ ಅನ್ನೋ ಅಕ್ಕಿ ಮದ್ಯ ಸುರೀತಾರೆ. ಪ್ರತಿ ಸಲ."

ಅಕ್ಕ ದೀಪ ಆರಿಸಿದರು. "ಶ್ರೀಹರಿ, ಚಪ್ಪಲಿ ಹಾಕ್ಕೋ. ಉಮಾಶಂಕರ್, ಆ ಇಬ್ಬರು ಹಿರಿಯರಿಗೂ, ಊರಿನ ಪೊಲೀಸಪ್ಪನಿಗೂ ಫೋನ್ ಮಾಡಿ ಗುಡಿ ಹತ್ರ ಬರೋಕೆ ಹೇಳಿ. ದೋಸೆ ಕಟ್ಕೊಂಡು ಹೋಗೋಣ."

ಮೂರು ರೈಲು ಬದಲಾಯಿಸಿ, ಕೊನೆಗೆ ಉಮಾಶಂಕರ್ ಊರಿನ ಸ್ಟೇಷನ್ನಿನಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಬೆಟ್ಟ ಹತ್ತಿದಾಗ ಮಧ್ಯಾಹ್ನ ಒಂದೂವರೆ. ನವೆಂಬರ್ ಕೊನೆಯ ಬಿಸಿಲು, ಕೆಂಪು ಎಲೆ, ತಣ್ಣನೆ ಗಾಳಿ. ಗುಡಿ ನಮ್ಮೂರಿನ ನಾಗರಕಟ್ಟೆಗಿಂತ ಸ್ವಲ್ಪ ದೊಡ್ಡದು. ಮುಂದೆ ಮರದ ಹುಂಡಿ, ಅದರ ಬಾಯಿಗೆ ಅಡ್ಡಡ್ಡ ಪಟ್ಟಿಗಳು. ಕಿತ್ತಳೆ ಬಣ್ಣದ ಅಂಗಿಯಲ್ಲಿ ಇಬ್ಬರು ಮುದುಕರು ಒಬ್ಬರಿಗೊಬ್ಬರು ಬೆನ್ನು ಮಾಡಿ ನಿಂತಿದ್ದರು, ಊರಿನ ಪೊಲೀಸಪ್ಪ ಮೆಟ್ಟಿಲ ಹತ್ತಿರ ಕಾಯುತ್ತಿದ್ದ. ಎದೆಯ ಮೇಲೆ ಚೀಲ ಇದ್ದವರು ಮೊಗಿ-ಸಾನ್. ಸೊಂಟಕ್ಕೆ ತಮ್ಮ ಇನ್ನೊಂದು ಖಾಲಿ ಬೆಲ್ಟು ಕಟ್ಟಿ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಸಣ್ಣ ಆಳು ಅರಾಫುನೆ-ಸಾನ್.

ಅಕ್ಕನ ಜಪಾನಿ ಭಾಷೆಗೆ ವ್ಯಾಕರಣದ ಹಂಗಿಲ್ಲ, ಆದರೆ ಎಲ್ಲರಿಗೂ ಅರ್ಥವಾಗುತ್ತದೆ. ಬಗ್ಗಿ "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಅವರು ನೇರವಾಗಿ ಮೊಗಿ-ಸಾನ್ ಕಡೆ ತಿರುಗಿದರು.

"ನಿನ್ನೆ ಇವರು ಗುಡಿ ಸುತ್ತುವಾಗ ನೀವೆಲ್ಲಿದ್ದಿರಿ?"

"ತೊರೆಯಲ್ಲಿ ಕೈ ತೊಳೀತಿದ್ದೆ. ಈ ಕಡೆಗೆ ಬೆನ್ನಿತ್ತು."

"ಏನಾದರೂ ಕೇಳಿಸಿತೇ?"

ಮೊಗಿ-ಸಾನ್ ಮುಖದಲ್ಲಿ ತುಂಟತನ ಮೂಡಿತು. "ಕೇಳಿಸಿತು. ಅರಾಫುನೆ ಹುಂಡಿಗೆ ಎರಡನೇ ಸಲ ಕಾಣಿಕೆ ಹಾಕಿದ. ಈ ಜಿಪುಣ ಎರಡು ಸಲ ಹಾಕಿದ್ದನ್ನು ನಾನು ನಲವತ್ತು ವರ್ಷದಲ್ಲಿ ಕಂಡಿಲ್ಲ!"

"ನಾನು ಹಾಕಿದ್ದು ಒಂದೇ," ಎಂದರು ಅರಾಫುನೆ-ಸಾನ್, ಕಿವಿಯ ಯಂತ್ರ ಸರಿಮಾಡಿಕೊಳ್ಳುತ್ತ.

"ಎರಡು! ಎರಡನೆಯದು ಕಲ್ಲು ಬಿದ್ದ ಹಾಗೆ ದಪ್ಪಗೆ ಸದ್ದಾಯಿತು."

ಅಕ್ಕ ನನ್ನ ಕಡೆ ನೋಡಿ ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ಕೇಸು ಮುಗಿದಾಗ ಮಾತ್ರ ಬರುತ್ತದೆ. ಎಲ್ಲರನ್ನೂ ಗುಡಿಯ ಕಲ್ಲು ಮೆಟ್ಟಿಲ ಮೇಲೆ ಕೂರಿಸಿ, ಬೆಲ್ಟನ್ನು ಎತ್ತಿ ಹಿಡಿದರು.

"ನನ್ನ ಕಸುಬು ಹೊಲಿಗೆ. ಆದ್ದರಿಂದ ಮೊದಲು ಬೆಲ್ಟನ್ನೇ ಕೇಳಿದೆ. ತೋಟಾದ ತಲೆಗೆ ಹಿತ್ತಾಳೆಯ ಅಂಚಿದೆ. ಸೊಂಟದ ಮೇಲಿದ್ದಾಗ ತಲೆ ಮೇಲಿರುತ್ತದೆ. ಲೂಪು ಸಡಿಲವಾದರೂ ಅಂಚು ತಡೆಯುತ್ತದೆ, ಕೆಳಗೆ ಜಾರುವುದಿಲ್ಲ. ಅಂದರೆ ನಡೆಯುವಾಗ ಬಿದ್ದಿಲ್ಲ. ದಾರಿಯಲ್ಲಿ ಮೂರು ಗಂಟೆ ಹುಡುಕಿದ್ದು ದಂಡ." ಪೊಲೀಸಪ್ಪ ಬರೆದುಕೊಳ್ಳಲು ಪುಸ್ತಕ ತೆಗೆದ.

"ಬೀಳಬೇಕಾದರೆ ಬೆಲ್ಟು ತಲೆಕೆಳಗಾಗಬೇಕು. ಅದು ಸೊಂಟ ಬಿಟ್ಟಿದ್ದು ಇಲ್ಲಿ ಮಾತ್ರ. ಕೊಂಬೆಯಿಂದ ಬಿದ್ದಿದ್ದರೆ ಮರದ ಕೆಳಗೆ ಸಿಗಬೇಕಿತ್ತು, ಸಿಗಲಿಲ್ಲ. ಬಕಲಿನಿಂದ ನೇತುಹಾಕಿದ್ದು ಮಡಿಕೆಯಾಗಿತ್ತು, ಆದ್ದರಿಂದ ನಡುವೆ ಯಾರೋ ತೆಗೆದಿದ್ದಾರೆ. ಕದ್ದವರಾದರೆ ಮರದ ಹತ್ತಿರವೇ ಒಂದು ಕಿತ್ತುಕೊಂಡು ಹೋಗುತ್ತಿದ್ದರು. ಆದರೆ ಬೆಲ್ಟಿನ ಮಡಿಕೆಯಲ್ಲಿ ಹಸಿ ಅಕ್ಕಿ, ಉಪ್ಪು ಸಿಕ್ಕಿತು. ಅವು ಇರುವುದು ಹುಂಡಿಯ ಮೇಲೆ. ಅಂದರೆ ಬೆಲ್ಟು ದೇವರ ಎದುರಿಗೆ ಹೋಗಿ ಬಂದಿದೆ. ಇಲ್ಲಿ ಅಕ್ಕಿ ಇಡುವವರು ಒಬ್ಬರೇ. ಅರಾಫುನೆ-ಸಾನ್, ನೀವು ಯಾಕೆ ಅದನ್ನು ಅಲ್ಲಿಟ್ಟಿರಿ ಎಂದು ನಾನೇ ಹೇಳಲೇ?"

ಮುದುಕರ ಮುಖ ಕಿವಿಯವರೆಗೆ ಕೆಂಪಾಯಿತು. ತಲೆ ತಗ್ಗಿಸಿ ತಾವೇ ಹೇಳಿದರು. "ಅಪ್ಪ ಪ್ರತಿ ವರ್ಷ ಮೊದಲ ಬೇಟೆಯ ದಿನ ಬೆಲ್ಟನ್ನು ದೇವರ ಮುಂದೆ ಇಟ್ಟು ಬೇಡಿಕೊಳ್ಳುತ್ತಿದ್ದ. ಉಮಾ-ಸಾನ್‌ಗೆ ಅದು ಗೊತ್ತಿಲ್ಲ, ಮರಕ್ಕೆ ಹಾಕಿ ಹೋದರು. ಹಾಗೇ ಬಿಡಲು ಮನಸ್ಸು ಬರಲಿಲ್ಲ. ಅವರು ಗುಡಿಯ ಹಿಂದೆ ಹೋದಾಗ ತಂದು ಹುಂಡಿಯ ಮೇಲಿಟ್ಟೆ. 'ಈತ ದೂರದಿಂದ ಬಂದವನು, ಕಾಪಾಡು' ಅಂದೆ. ಹೇಳಿದರೆ ಅವರಿಗೆ ಮುಜುಗರವಾಗುತ್ತದೆ ಎಂದು ತಿರುಗಿ ಕೊಂಬೆಗೇ ಹಾಕಿದೆ."

"ಬಗ್ಗಿ ಇಡುವಾಗ ಬೆಲ್ಟು ಮಗುಚಿತು," ಎಂದರು ಅಕ್ಕ. "ಏಳನೆಯ ಲೂಪು ಸಡಿಲ. ತೋಟಾ ಪಟ್ಟಿಗಳ ನಡುವಿನಿಂದ ಹುಂಡಿಯೊಳಕ್ಕೆ ಬಿತ್ತು. ನಿಮಗೆ ಕೇಳಿಸಲಿಲ್ಲ. ಕೇಳಿಸಿದ ಮೊಗಿ-ಸಾನ್ ನಿಮ್ಮ ಭಕ್ತಿ ಹೆಚ್ಚಾಯಿತು ಅಂದುಕೊಂಡರು. ಬೀಗದ ಕೈ ಯಾರ ಹತ್ತಿರ ಇದೆ?"

ಅರಾಫುನೆ-ಸಾನ್ ಜೇಬು ತಡಕಿದರು. ಗುಡಿ ನೋಡಿಕೊಳ್ಳುವವರೂ ಅವರೇ. ವರ್ಷದ ಕೊನೆಗೆ ಮಾತ್ರ ತೆರೆಯುವ ಹುಂಡಿಯನ್ನು ಪೊಲೀಸಪ್ಪನ ಎದುರಿಗೆ ತೆರೆದರು. ಚಿಲ್ಲರೆ ನಾಣ್ಯ, ಒಣಗಿದ ಎಲೆ, ಅವುಗಳ ಮೇಲೆ ಹಿತ್ತಾಳೆಯ ತಲೆ ಮಿಂಚಿಸುತ್ತ ಎಂಟನೆಯ ತೋಟಾ ಆರಾಮಾಗಿ ಮಲಗಿತ್ತು.

ಮೊದಲು ನಕ್ಕವರು ಮೊಗಿ-ಸಾನ್. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಈ ಜಿಪುಣ ಕೊನೆಗೂ ದೊಡ್ಡ ಕಾಣಿಕೆ ಹಾಕಿದ!" ಆಮೇಲೆ ಅರಾಫುನೆ-ಸಾನ್, ಪೊಲೀಸಪ್ಪ, ನಾನು, ಎಲ್ಲರೂ ನಕ್ಕೆವು. ಉಮಾಶಂಕರ್ ಮಾತ್ರ ಅಳುತ್ತಿದ್ದ. ಅವನು ಮೊಗಿ-ಸಾನ್ ಮುಂದೆ ಆಳವಾಗಿ ಬಗ್ಗಿ, ಅನುಮಾನಪಟ್ಟಿದ್ದಕ್ಕೆ ಕ್ಷಮೆ ಕೇಳಿದ. ಅವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟರು.

ತೋಟಾ ಮೈಯಿಂದ ದೂರವಿಟ್ಟಿದ್ದಕ್ಕೆ ಇಬ್ಬರಿಗೂ ಪೊಲೀಸಪ್ಪ ಚೆನ್ನಾಗಿಯೇ ಬೈದ. ಸಿಕ್ಕಿತೆಂದು ಬರೆದುಕೊಂಡು ಮೇಲಿನವರಿಗೆ ಫೋನ್ ಮಾಡಿದ. ಕೋವಿ ಯಾರೂ ವಾಪಸ್ ಕೊಡಬೇಕಾಗಿಲ್ಲ ಎಂದು ಆ ಕಡೆಯಿಂದ ಉತ್ತರ ಬಂದಾಗ ಅರಾಫುನೆ-ಸಾನ್ ಮೆಟ್ಟಿಲ ಮೇಲೆ ಕುಸಿದು ಕೂತು, ನನ್ನ ಪೊಟ್ಟಣದ ದೋಸೆಗಳನ್ನು ಒಂದೂ ಬಿಡದೆ ತಿಂದರು. ಆ ದೋಸೆಗಳ ಬಗ್ಗೆ ಮಾತ್ರ ನನಗೆ ಸಿಟ್ಟಿಲ್ಲ.

ಅಕ್ಕ ಅಷ್ಟರಲ್ಲಿ ಚೀಲದಿಂದ ದಪ್ಪ ಸೂಜಿ, ಮೇಣದ ದಾರ ತೆಗೆದು ಏಳನೆಯ ಲೂಪು ಹೊಲಿದರು. ಅದರ ಮೇಲೆ ಉದ್ದಕ್ಕೂ ಒಂದು ಮುಚ್ಚಳದ ಪಟ್ಟಿಯನ್ನೂ ಗುಂಡಿಯನ್ನೂ ಸೇರಿಸಿದರು. "ಬೆಲ್ಟೂ ಆಯ್ತು, ಮುಚ್ಚಳಾನೂ ಆಯ್ತು. ಈ ಇಬ್ಬರ ನಲವತ್ತು ವರ್ಷದ ವಾದ ಇಲ್ಲಿಗೆ ಸಾಕು," ಎಂದು ಕನ್ನಡದಲ್ಲೇ ಗೊಣಗಿದರು.

ಹೊರಡುವ ಮುಂಚೆ ದೇವರಿಗೆ ಕೈಮುಗಿಯೋಣ ಎಂದಾಯಿತು. ಉಮಾಶಂಕರ್ ಬೂಟು ಬಿಚ್ಚಿದ, ಆದರೆ ಬೆಲ್ಟನ್ನು ಬಿಚ್ಚಲಿಲ್ಲ. ಬಿಗಿಯಾಗಿ ಸೊಂಟಕ್ಕೆ ಕಟ್ಟಿಕೊಂಡೇ ದೇವರ ಎದುರು ಹೋಗಿ ನಿಂತ. ಗುರುಗಳ ಪದ್ಧತಿ ಹಾಗಿದ್ದರೆ ದೇವರು ಕ್ಷಮಿಸುತ್ತಾನೆ ಎಂದು ಅವನ ಮುಖವೇ ಹೇಳುತ್ತಿತ್ತು. ಪಕ್ಕಕ್ಕೆ ನೋಡಿದರೆ ಅರಾಫುನೆ-ಸಾನ್ ಇಲ್ಲ. ಅವರು ಹಿಂದೆ ನಿಂತು, ಐವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ಆ ಗುಡಿಯ ಮುಂದೆ, ಶಿಷ್ಯನ ಪದ್ಧತಿಯಂತೆ, ತಮ್ಮ ಬೂಟನ್ನೂ ಖಾಲಿ ಬೆಲ್ಟನ್ನೂ ಬಿಚ್ಚುತ್ತಿದ್ದರು.

ಬಿಚ್ಚಿದ ಬೆಲ್ಟನ್ನು ಮರಕ್ಕೆ ಹಾಕಲಿಲ್ಲ. ಮೊಗಿ-ಸಾನ್ ಕೈಗೆ ಕೊಟ್ಟರು. ಅವರು ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಗುರು ಶಿಷ್ಯರಿಬ್ಬರ ಪ್ರದಕ್ಷಿಣೆ ಮುಗಿಯುವವರೆಗೂ ಅಲ್ಲಾಡದೆ ನಿಂತಿದ್ದರು.