ಶನಿವಾರ ಹತ್ತು ಗಂಟೆಗೆ ಎರಡು ಮ್ಯಾಚ್

ಸೋಫಾದ ಈ ತುದಿಯಲ್ಲಿ ಮಿಸ್ಟರ್ ಟಿಯರ್ನಿ, ಆ ತುದಿಯಲ್ಲಿ ಮಿಸ್ ಫೇಹಿ. ನಡುವೆ ಇನ್ನಿಬ್ಬರು ಆರಾಮಾಗಿ ಕೂರುವಷ್ಟು ಜಾಗವಿತ್ತು. ಅಲ್ಲಿ ಕೂರುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ನಿಸರ್ಗ ಮೆಟ್ಟಿಲ ಮೇಲೆ ಕೂತು ಕಂಬಿಗಳ ಸಂದಿಯಿಂದ ನೋಡುತ್ತಿದ್ದಳು. ಇಬ್ಬರು ಕೋಚ್‌ಗಳೂ ಒಂದೇ ಸಂಜೆ ಮನೆಗೆ ಬಂದುಬಿಡುತ್ತಾರೆಂದು ಅವಳು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

“ಶನಿವಾರ ಹತ್ತು ಗಂಟೆಗೆ ನಮ್ಮ ಕ್ಲಬ್ ಫೈನಲ್,” ಎಂದರು ಟಿಯರ್ನಿ ಇಂಗ್ಲಿಷಿನಲ್ಲಿ. “ನಮ್ಮ ಗೋಲ್‌ಕೀಪರ್ ನಿಸರ್ಗ.”

“ಶನಿವಾರ ಹತ್ತು ಗಂಟೆಗೆ ಪೋರ್ಟ್‌ಲ್ಯಾಂಡ್ ಟೀಮಿನ ಮೇಲೆ ನಮ್ಮ ಮ್ಯಾಚ್,” ಎಂದರು ಫೇಹಿ. “ನಮ್ಮ ಗೋಲ್‌ಕೀಪರೂ ನಿಸರ್ಗ.”

ಅಪ್ಪ ರಮೇಶ್ ಆಗಷ್ಟೇ ಆಫೀಸಿನಿಂದ ಬಂದಿದ್ದರು. ಕತ್ತಿನಲ್ಲಿ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು. ಅವರು ಇವರನ್ನು ನೋಡಿ ನಕ್ಕರು, ಅವರನ್ನು ನೋಡಿ ನಕ್ಕರು, ಕೊನೆಗೆ ಏನೂ ತೋಚದೆ ಟೀಪಾಯಿಯನ್ನು ನೋಡಿಯೂ ನಕ್ಕರು.

ಎರಡೂ ಹರ್ಲಿಂಗ್ ಮ್ಯಾಚುಗಳು. ಹರ್ಲಿಂಗ್ ಎಂಬುದು ಐರ್ಲೆಂಡಿನ ಆಟ. ತುದಿ ಅಗಲವಾದ ಮರದ ಕೋಲು, ಚಿಕ್ಕ ಗಟ್ಟಿ ಚೆಂಡು. ಚೆಂಡನ್ನು ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು. ಬಡಗಿ ಕೆಲಸದ ಟಿಯರ್ನಿ ಅಮೆರಿಕದ ಸಮಾಮಿಶ್‌ನಲ್ಲಿ ಮಕ್ಕಳ ಕ್ಲಬ್ ಕಟ್ಟಿದ್ದರು. ಕೋಲುಗಳನ್ನು ತಾವೇ ಕೆತ್ತಿ ಕೊಡುತ್ತಿದ್ದರು. ಮಂಡ್ಯ ಕಡೆಯಿಂದ ಬಂದಿದ್ದ ಅಜ್ಜಿ ಬೆಟ್ಟಮ್ಮ ಇದಕ್ಕೆ ‘ದೊಣ್ಣೆ ಆಟ’ ಎಂದು ಹೆಸರಿಟ್ಟು, ಮೊಮ್ಮಗಳ ಹಲ್ಲುಗಳ ಕ್ಷೇಮಕ್ಕಾಗಿ ದೇವರಿಗೆ ದಿನಾ ಎರಡು ಊದುಬತ್ತಿ ಹೆಚ್ಚಿಗೆ ಹಚ್ಚುತ್ತಿದ್ದರು.

ಬಾಥೆಲ್, ರೆಡ್ಮಂಡ್, ಸಮಾಮಿಶ್, ಹೀಗೆ ಊರೂರಿನ ಕ್ಲಬ್‌ಗಳಿಂದ ಚೆನ್ನಾಗಿ ಆಡುವ ಮಕ್ಕಳನ್ನು ಆರಿಸಿ ಮಾಡಿದ್ದು ಕೌಂಟಿ ಟೀಮ್, ಅಂದರೆ ಜಿಲ್ಲೆಯ ಟೀಮ್. ಅದಕ್ಕೆ ಮಿಸ್ ಫೇಹಿ ಕೋಚ್. ಕೌಂಟಿಯವರು ಕ್ಲಬ್‌ನವರನ್ನು ಕೇಳದೆ ಮ್ಯಾಚಿನ ದಿನ ಗೊತ್ತು ಮಾಡುತ್ತಿದ್ದರು. ಕ್ಲಬ್‌ನವರು ಕೌಂಟಿಯವರನ್ನು ಕೇಳದೆ ಗೊತ್ತು ಮಾಡುತ್ತಿದ್ದರು. ಕೇಳಿದರೆ ಎಲ್ಲಿ ತಾವು ಚಿಕ್ಕವರಾಗಿಬಿಡುತ್ತೇವೋ ಎಂದು ಇಬ್ಬರಿಗೂ ಅನುಮಾನ.

“ನಮಗೆ ಯೆಸ್ ಅಂತ ಮಂಗಳವಾರವೇ ಹೇಳಿದ್ದೀರಿ, ಮಿಸ್ಟರ್ ರಮೇಶ್,” ಎಂದರು ಟಿಯರ್ನಿ. “ನನ್ನ ಹತ್ತಿರ ಇರೋದೇ ಒಂಬತ್ತು ಮಕ್ಕಳು. ಎಂಟಾದರೆ ಆಡೋ ಹಾಗೇ ಇಲ್ಲ.”

“ನಮಗೆ ಬುಧವಾರ ಹೇಳಿದ್ದೀರಿ,” ಎಂದರು ಫೇಹಿ. ಬ್ಯಾಗಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಟೀಪಾಯಿ ಮೇಲಿಟ್ಟರು. ಒಳಗೆ ಹಸಿರು ಜೆರ್ಸಿ, ಅದರ ಬೆನ್ನ ಮೇಲೆ ಒಂದು ಎಂಬ ನಂಬರು.

ನಿಸರ್ಗ ಕಂಬಿಗೆ ಮುಖ ಒತ್ತಿ ನೋಡಿದಳು. ಆ ಜೆರ್ಸಿಗಾಗಿ ಅವಳು ಒಂದು ವರ್ಷದಿಂದ ಆಸೆ ಪಟ್ಟಿದ್ದಳು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದರ ಚಿತ್ರವನ್ನೂ ಬರೆದುಕೊಂಡಿದ್ದಳು.

ಅಪ್ಪ ಮಂಗಳವಾರವೂ ಯೆಸ್ ಅಂದಿರಲಿಲ್ಲ, ಬುಧವಾರವೂ ಅಂದಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ. ಟಿಯರ್ನಿ “ಅಪ್ಪನ್ನ ಕೇಳ್ಕೊಂಡು ಬಾ” ಅಂದಾಗ, ಮರುದಿನ ನಿಸರ್ಗ “ಅಪ್ಪ ಯೆಸ್ ಅಂದ್ರು” ಎಂದುಬಿಟ್ಟಿದ್ದಳು. ಫೇಹಿ ಫೋನಿನಲ್ಲಿ ಕೇಳಿದಾಗಲೂ ಅದೇ ಮಾತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವಳ ಲೆಕ್ಕ. ಶನಿವಾರದೊಳಗೆ ಯಾವುದಾದರೊಂದು ಮ್ಯಾಚ್ ತಾನಾಗಿಯೇ ಕ್ಯಾನ್ಸಲ್ ಆಗಬಹುದು ಎಂದು ಕಾದಿದ್ದಳು. ಆಗಲಿಲ್ಲ. ಬದಲಿಗೆ ಕೋಚ್‌ಗಳೇ ಬಂದರು.

ಅವಳ ಸುಳ್ಳು ಅಷ್ಟು ಸಲೀಸಾಗಿ ನಡೆದದ್ದಕ್ಕೆ ಒಂದು ಕಾರಣವೂ ಇತ್ತು. ಅಪ್ಪ ಯಾರಿಗೂ ಇಲ್ಲ ಅಂದವರೇ ಅಲ್ಲ. ಪಕ್ಕದ ಮನೆಯವರು ರಜೆಗೆ ಹೋದರೆ ಅವರ ಮೂರು ಬೆಕ್ಕುಗಳಿಗೆ ಊಟ ಹಾಕುವವರು ಅಪ್ಪ. ಅಪ್ಪನಿಗೆ ಬೆಕ್ಕು ಕಂಡರೆ ಸೀನು ಬರುತ್ತದೆ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ವಿಜಯಶ್ರೀ ಹಣೆ ಚಚ್ಚಿಕೊಂಡರು. “ರೀ, ಇಬ್ರಿಗೂ ಹೂಂ ಅಂದ್ರಾ? ನಂಗೊತ್ತಿತ್ತು. ಒಂದಿನ ಹಿಂಗೇ ಆಗುತ್ತೆ ಅಂತ ನಂಗೊತ್ತಿತ್ತು.”

ಅಪ್ಪ ಬಾಯಿ ತೆರೆದರು. ಅವರ ಕಣ್ಣು ಮೆಟ್ಟಿಲಿನ ಕಡೆ ತಿರುಗಿತು. ಕಂಬಿಗಳ ನಡುವೆ ನಿಸರ್ಗಳ ಮುಖ ಬಿಳಿಚಿಕೊಂಡಿತ್ತು. ಅಪ್ಪ ಒಂದು ಕ್ಷಣ ಆ ಮುಖವನ್ನೇ ನೋಡಿದರು.

“ಹೌದು,” ಎಂದರು ನಿಧಾನವಾಗಿ. “ನಾನೇ ಅಂದಿರ್ಬೇಕು. ಮರೆವು ನೋಡು.”

ನಿಸರ್ಗಳಿಗೆ ಮೊದಲು ಸಮಾಧಾನವಾಯಿತು. ಆಮೇಲೆ, ಒಂದು ನಿಮಿಷವೂ ಆಗಿರಲಿಲ್ಲ, ತುಂಬಾ ನಾಚಿಕೆಯಾಯಿತು.

ಅಷ್ಟರಲ್ಲಿ ಅಜ್ಜಿ ಎರಡು ತಟ್ಟೆಗಳಲ್ಲಿ ಬಿಸಿ ಬಿಸಿ ಅಕ್ಕಿರೊಟ್ಟಿ ತಂದು ಇಬ್ಬರ ಕೈಗೂ ಕೊಟ್ಟರು. ಮನೆಗೆ ಬಂದವರು ತಿನ್ನದೆ ಮಾತಾಡುವುದು ಅಜ್ಜಿಗೆ ಸರಿಬೀಳುತ್ತಿರಲಿಲ್ಲ.

“ಮೊದ್ಲು ತಿನ್ಲಿ ಬುಡು. ಜಗ್ಳ ಎಲ್ಲೋಯ್ತದೆ?”

ಆ ಮೇಲೆ ನಡೆದದ್ದನ್ನು ನೋಡಿ ನಿಸರ್ಗಳಿಗೆ ಅಳುವ ಹೊತ್ತಿನಲ್ಲೂ ನಗು ಬಂತು. ಟಿಯರ್ನಿಯವರ ಅಮ್ಮ ಅವರಿಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರಂತೆ, ಬೇರೆಯವರ ಮನೆಯಲ್ಲಿ ತಟ್ಟೆಯಲ್ಲಿ ಚೂರೂ ಬಿಡಬಾರದು ಎಂದು. ಫೇಹಿಯವರ ಅಮ್ಮನೂ ಅದನ್ನೇ ಹೇಳಿಕೊಟ್ಟಿರಬೇಕು. ಅಜ್ಜಿಯ ಪ್ರಕಾರ ತಟ್ಟೆ ಖಾಲಿಯಾಯಿತೆಂದರೆ ಹೊಟ್ಟೆ ತುಂಬಿಲ್ಲ ಎಂದೇ ಅರ್ಥ. ಅವರು ಖಾಲಿ ಮಾಡಿದರು, ಇವರು ಹಾಕಿದರು. ಅವರು ಮತ್ತೆ ಖಾಲಿ ಮಾಡಿದರು, ಇವರು ಮತ್ತೆ ಹಾಕಿದರು.

“ಕೌಂಟಿಯವರು,” ಎಂದು ಟಿಯರ್ನಿ ರೊಟ್ಟಿ ನುಂಗುತ್ತಾ ಶುರುಮಾಡಿದರು, “ನಮ್ಮ ಮಕ್ಕಳನ್ನ ಚೆನ್ನಾಗಿರುವಾಗ ಕರ್ಕೊಂಡು ಹೋಗ್ತಾರೆ. ಕುಂಟೋಕೆ ಶುರುವಾದ ಮೇಲೆ ವಾಪಸ್ ಕಳಿಸ್ತಾರೆ.”

“ಕ್ಲಬ್‌ನವರು,” ಎಂದರು ಫೇಹಿ, ಮೂರನೇ ರೊಟ್ಟಿಯ ಹಸಿಮೆಣಸಿಗೆ ಕಣ್ಣೊರೆಸಿಕೊಳ್ಳುತ್ತಾ, “ಚೆನ್ನಾಗಿ ಆಡೋರನ್ನ ನಮಗೆ ತೋರಿಸೋದೇ ಇಲ್ಲ. ಸೆಲೆಕ್ಷನ್ ದಿನ ಈ ಹುಡುಗಿಯನ್ನ ನೀವು ವಾಟರ್ ಬಾಟಲ್ ಹತ್ತಿರ ಕೂರಿಸಿದ್ರಿ.”

“ಅವಳಿಗೆ ಬಾಯಾರಿಕೆ ಆಗಿತ್ತು.”

“ಎರಡು ಗಂಟೆ ಹೊತ್ತಾ?”

ಅಜ್ಜಿ ಟಿಯರ್ನಿಯವರ ತಟ್ಟೆಗೆ ನಾಲ್ಕನೇ ರೊಟ್ಟಿ ಹಾಕಿದರು. ಟಿಯರ್ನಿ ಅಪ್ಪನ ಕಡೆ ದೀನವಾಗಿ ನೋಡಿದರು. ಅಪ್ಪನಿಗೆ ಅಜ್ಜಿಗೂ ಇಲ್ಲ ಅನ್ನಲು ಬರುತ್ತಿರಲಿಲ್ಲ.

ಅಜ್ಜಿ ಮೆಟ್ಟಿಲ ಬುಡಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. “ಏನಂತೆ ಕೂಸೇ ಇವರ್ದು? ಒಂದೂ ಗೊತ್ತಾಯ್ತಿಲ್ಲ ನಂಗೆ.”

ಅಜ್ಜಿಗೆ ಇಂಗ್ಲಿಷ್ ಬರದಿದ್ದುದರಿಂದ ನಿಸರ್ಗ ಅವರ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು. “ಇಬ್ರಿಗೂ ನಾನು ಬೇಕು ಅಜ್ಜಿ. ಸ್ಯಾಟರ್ಡೇ. ಸೇಮ್ ಟೈಮ್.”

“ಓ, ಊರ್ ಟೀಮು, ತಾಲೂಕ್ ಟೀಮು. ನಮ್ಮೂರಲ್ಲೂ ಕಬಡ್ಡಿಗೆ ಇದೇ ರಾಮಾಯ್ಣ. ನಿಮ್ತಾತ ತಾಲೂಕ್ ಕಡೀಕ್ ಆಡಕ್ಕೋದ್ರು ಅಂತ ಊರೋರು ಮೂರ್ ತಿಂಗ್ಳು ನಮ್ಮನೆ ಕಾಪಿ ಕುಡೀನಿಲ್ಲ.” ಅಜ್ಜಿ ಸೋಫಾದ ಕಡೆ ನೋಡಿದರು. “ಗಂಡ ಹೆಂಡ್ರ ಜಗ್ಳದಲ್ಲಿ ಕೂಸು ಬಡವಾಯ್ತು.”

“ಅವರು ಏನಂದರು?” ಎಂದು ಕುತೂಹಲದಿಂದ ಕೇಳಿದರು ಫೇಹಿ.

ಫೇಹಿ ಮತ್ತು ಟಿಯರ್ನಿಯವರನ್ನು ಗಂಡ ಹೆಂಡತಿ ಮಾಡಿದ ಆ ಗಾದೆಯನ್ನು ಅವರಿಗೇ ಬಿಡಿಸಿ ಹೇಳುವುದು ಹೇಗೆ? “ರೊಟ್ಟಿ ಇನ್ನೂ ಇದೆ ಅಂದ್ರು,” ಎಂದಳು ನಿಸರ್ಗ. ಇಬ್ಬರೂ ತಟ್ಟೆಯನ್ನು ಎದೆಗೆ ಅವುಚಿಕೊಂಡರು.

“ಅದ್ಸರಿ, ನೀನೇನಂದೆ?” ಎಂದರು ಅಜ್ಜಿ.

“ನನ್ನ ಯಾರೂ ಕೇಳ್ಲಿಲ್ಲ.”

“ಕೇಳ್ದಿದ್ರೆ ಏನಾಯ್ತು? ನಿಂಗ್ ಬಾಯಿ ಇಲ್ವ?”

ನಿಸರ್ಗ ಟೀಪಾಯಿಯ ಮೇಲಿನ ಜೆರ್ಸಿಯನ್ನು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಅಪ್ಪ ಇಬ್ಬರಿಗೂ “ಸಾರಿ, ವೆರಿ ಸಾರಿ, ನನ್ನದೇ ತಪ್ಪು” ಎಂದು ಬೆಕ್ಕಿನ ಮನೆಯಲ್ಲಿ ಸೀನುವಷ್ಟೇ ಸಹಜವಾಗಿ ಹೇಳುತ್ತಿದ್ದರು. ಅದನ್ನು ಕೇಳುವುದು ಅವಳಿಂದ ಆಗಲಿಲ್ಲ.

ಅವಳು ಮೆಟ್ಟಿಲಿಳಿದು ಬಂದಳು.

“ಅಪ್ಪ ಏನೂ ಹೇಳಿಲ್ಲ,” ಎಂದಳು ಇಂಗ್ಲಿಷಿನಲ್ಲಿ. “ನಾನು ಅಪ್ಪನ್ನ ಕೇಳೇ ಇಲ್ಲ. ಇಬ್ರಿಗೂ ನಾನೇ ಯೆಸ್ ಅಂದೆ. ಅಪ್ಪ ಅಂದ್ರು ಅಂತ ಸುಳ್ಳು ಹೇಳ್ದೆ.”

ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜಿ ಸೊಂಟದ ಮೇಲಿನ ಕೈ ಇಳಿಸಿದರು.

ಇನ್ನೂ ಒಂದು ಮಾತು ಉಳಿದಿತ್ತು. ಅದು ಇನ್ನೂ ಕಷ್ಟದ್ದು. “ಮಿಸ್ ಫೇಹಿ, ನಾನು ಶನಿವಾರ ಬರಲ್ಲ. ನೀವು ಬೇರೆ ಗೋಲ್‌ಕೀಪರ್ ಹುಡುಕಬಹುದು. ನಾನು ಹೋಗದಿದ್ರೆ ಕ್ಲಬ್‌ನಲ್ಲಿ ಉಳಿದ ಎಂಟು ಜನ ಆಡದೆ ಮನೆಗೆ ಹೋಗ್ಬೇಕು.”

ಫೇಹಿಯವರ ಮುಖ ಸಣ್ಣದಾಯಿತು. ಅದನ್ನು ನೋಡುವುದು ನಿಸರ್ಗ ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು. ಈ ಮುಖವನ್ನು ನೋಡಬಾರದೆಂದೇ ಅವಳು ಇಷ್ಟೆಲ್ಲ ಮಾಡಿದ್ದಳು.

“ಈ ವರ್ಷ ಮತ್ತೆ ನಿನ್ನ ಕರೆಯೋಕಾಗಲ್ಲ. ಅದು ನಮ್ಮ ರೂಲ್,” ಎಂದರು ಫೇಹಿ. “ಇದನ್ನೇ ಬುಧವಾರ ಹೇಳಿದ್ದರೆ ನನಗೆ ಮೂರು ದಿನ ಸಿಗುತ್ತಿತ್ತು.” ಅವರು ಜೆರ್ಸಿಯನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡರು.

ಟಿಯರ್ನಿಯಾದರೂ ಖುಷಿಯಾಗಿ ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದಳು ನಿಸರ್ಗ. ಅವರು ನಗಲೂ ಇಲ್ಲ. “ನನಗೂ ಸುಳ್ಳೇ ಹೇಳಿದ್ದೀಯ,” ಎಂದರು. ಬಾಗಿಲ ಹತ್ತಿರ ಹೋಗಿ ತಿರುಗಿದರು. “ಒಂಬತ್ತೂವರೆಗೆ. ಹೆಲ್ಮೆಟ್ ಮರೀಬೇಡ.”

ಎರಡು ಕಾರುಗಳೂ ಹೊರಟುಹೋದವು. ಅಮ್ಮ ಬೈಯಲಿಲ್ಲ. “ನಾಳೆ ಮಾತಾಡೋಣ,” ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಜಾಸ್ತಿಯೆಂದು ನಿಸರ್ಗಳಿಗೆ ಗೊತ್ತಿತ್ತು.

ಅಪ್ಪ ಸಿಂಕಿನಲ್ಲಿ ತಟ್ಟೆ ತೊಳೆಯುತ್ತಿದ್ದರು. ನಿಸರ್ಗ ಟವೆಲ್ ತೆಗೆದುಕೊಂಡು ಒರೆಸತೊಡಗಿದಳು.

“ನೀನು ಯಾಕೆ ‘ನಾನೇ’ ಅಂದೆ ಅಪ್ಪ?”

“ಅದು ಬಾಯಿಗೆ ಬಂದ್ಬಿಡುತ್ತೆ ಪುಟ್ಟಿ,” ಎಂದರು ಅಪ್ಪ. “ಎದುರಿಗಿರೋರ ಮುಖ ಸಣ್ಣದಾಗೋದು ನೋಡಕ್ಕೆ ನಂಗಾಗಲ್ಲ.”

ನಿಸರ್ಗ ತಟ್ಟೆ ಒರೆಸುವುದನ್ನು ನಿಲ್ಲಿಸಿದಳು. ಅವಳಿಗೂ ಅಷ್ಟೇ ಆಗಿತ್ತು.

ಆಗ ಫೋನು ರಿಂಗಾಯಿತು. ಅಪ್ಪ ಒದ್ದೆ ಕೈಯಲ್ಲೇ ಸ್ಪೀಕರ್ ಬಟನ್ ಒತ್ತಿದರು. ಬಾಥೆಲ್‌ನ ನೀಲಕಂಠಪ್ಪನವರು. ಕನ್ನಡ ಸಂಘದ ಫಂಕ್ಷನ್ನಿಗೆ ನೂರು ಕುರ್ಚಿ ತರಬೇಕಂತೆ, ಅಪ್ಪನ ವ್ಯಾನ್ ಬೇಕಂತೆ.

“ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದ್ಬಿಡಿ ರಮೇಶ್. ನೀವಂತೂ ಇಲ್ಲ ಅನ್ನೋರಲ್ಲ.”

ಅಪ್ಪನ ತುಟಿ ಆಗಲೇ “ಆಯ್ತು” ಎನ್ನುವ ಆಕಾರಕ್ಕೆ ಬಂದಿತ್ತು. ಅವರು ನಿಸರ್ಗಳ ಕಡೆ ನೋಡಿದರು. ಅವಳು ಬೇಡವೆಂದೂ ತಲೆಯಾಡಿಸಲಿಲ್ಲ, ಹೂಂ ಎಂದೂ ಆಡಿಸಲಿಲ್ಲ. ಸುಮ್ಮನೆ ನೋಡಿದಳು.

“ಶನಿವಾರ…” ಎಂದರು ಅಪ್ಪ. ನಲ್ಲಿ ನಿಲ್ಲಿಸಿದರು. “ಶನಿವಾರ ಆಗಲ್ಲ ನೀಲಕಂಠಪ್ಪನವರೇ. ಮಗಳ ಮ್ಯಾಚಿದೆ.”

ಆ ಕಡೆಯಿಂದ ಮಾತು ಬರಲಿಲ್ಲ.

ಹಾಗೆ ಮಾತು ಬರದ ಹೊತ್ತು ಎಷ್ಟು ಉದ್ದವಾಗಿರುತ್ತದೆ ಎಂದು ನಿಸರ್ಗಳಿಗೆ ಈಗ ಗೊತ್ತಿತ್ತು. ಅವಳು ಟವೆಲ್ ಕೆಳಗಿಟ್ಟು ಅಪ್ಪನ ಪಕ್ಕಕ್ಕೆ ಹೋಗಿ, ಅವರ ಒದ್ದೆ ಕೈ ಹಿಡಿದುಕೊಂಡು ನಿಂತಳು.